ಬಾಟಾ, ಕಂತು ಮತ್ತು ಐದರ ಗೆರೆ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವ ರೈತನಿಗೆ ಸರ್ಕಾರದ ದಫ್ತರದಲ್ಲಿ ಒಂದು ಸ್ಥಾನವಿದೆ. ಅವನ ಹೆಸರು ನೋಂದಣಿಯಾಗಿರುತ್ತದೆ, ಅವನ ಬ್ಯಾರನ್ನಿಗೆ ಪರವಾನಗಿ ಇರುತ್ತದೆ, ಬೆಳೆಗೆ ಮಿತಿ ಇರುತ್ತದೆ. 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿ 1984ರಿಂದ ಕರ್ನಾಟಕದಲ್ಲಿ ಹರಾಜು ನಡೆಸುತ್ತಿದೆ. ಬೆಲೆ ಬಿದ್ದರೆ ರೈತ ಹರಾಜು ನಿಲ್ಲಿಸಿ ರಸ್ತೆಗಿಳಿಯುತ್ತಾನೆ. ಮರುದಿನ ಅದು ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದೇ ಬ್ಯಾರನ್ನಿಗೆ ಸೌದೆ ತಂದು ಸುರಿಯುವವನು, ಅದೇ ಸೊಪ್ಪಿನ ಬೇಲುಗಳನ್ನು ಹರಾಜು ಮಾರುಕಟ್ಟೆಯಿಂದ ಹೊತ್ತೊಯ್ಯುವವನು, ಹುಣಸೂರು, ಹೆಗ್ಗಡದೇವನಕೋಟೆಗಳ ಶುಂಠಿಯನ್ನು ಉತ್ತರ ಭಾರತದ ಮಂಡಿಗಳಿಗೂ ಕೃಷ್ಣರಾಜನಗರದ ಅಕ್ಕಿಯನ್ನು ಪೇಟೆಗೂ ಮುಟ್ಟಿಸುವವನು ಲಾರಿ ಚಾಲಕ. ಅವನ ದುಡಿಮೆಯ ದರ ಯಾವ ಹಲಗೆಯ ಮೇಲೂ ಬರೆದಿರುವುದಿಲ್ಲ.

ಚಾಲಕನನ್ನು ಕೇಳಿದರೆ ಸಂಬಳಕ್ಕಿಂತ ಮೊದಲು ಬರುವ ಮಾತು ಎರಡು: ಒಂದು ಬಾಟಾ, ಇನ್ನೊಂದು ಕಂತು. ಬಾಟಾ ಇಂದಿನ ಊಟದ ಮಾತು. ಕಂತು ನಾಳೆ ಸ್ವಂತ ಗಾಡಿ ಮಾಡಿಕೊಳ್ಳುವ ಆಸೆಯ ಮಾತು. ಈ ಎರಡರ ಇತಿಹಾಸವನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಾಲಕನ ರಕ್ಷಣೆಗೆ ನಮ್ಮಲ್ಲಿ ಕಾನೂನುಗಳೇ ಆಗಲಿಲ್ಲ ಎಂದಲ್ಲ. ಆದ ಕಾನೂನುಗಳಲ್ಲಿ ಒಂದು ಅವನ ಮನೆಯ ಹೊಸ್ತಿಲಲ್ಲೇ ನಿಂತಿತು, ಇನ್ನೊಂದು ಹೊರಡಲೇ ಇಲ್ಲ.

ಎತ್ತಿನ ಗಾಡಿಯ ಕಾಲ

ಈ ಸೀಮೆಗೆ ಸಾಗಣೆ ಹೊಸ ಕಸುಬಲ್ಲ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿಗೆ ಹೋಗುವ ದಾರಿ ಕೊಡಗಿನ ಕಾಫಿ ಬಯಲುಸೀಮೆಗೆ ಇಳಿಯುವ ದಾರಿಯೂ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಮದರಾಸು ಸೈನ್ಯದ ಸರಬರಾಜು ಇಲಾಖೆಯ ದೊಡ್ಡ ನೆಲೆ. ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳ ಕೇಂದ್ರ ಕಚೇರಿ ಅಲ್ಲಿತ್ತು. ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಯಾರ್ಡು ಎಲ್ಲವೂ ಇದ್ದವು. ಆ ಯಾರ್ಡಿನಲ್ಲಿ ಸೈನ್ಯಕ್ಕೆ ಬೇಕಾದ ಗಾಡಿಗಳು ತಯಾರಾಗುತ್ತಿದ್ದವು. 1864ರಲ್ಲಿ ಈ ಕಾರ್ಖಾನೆಗಳು ಮುಚ್ಚಿದವು. ಆದರೆ ಕೆಲಸ ಕಲಿತ ಕುಶಲಿಗಳು ಅಲ್ಲೇ ಉಳಿದರು. ಹುಣಸೂರಿನ ಗಾಡಿ ಗಟ್ಟಿ ಎಂಬ ಹೆಸರೂ ಉಳಿಯಿತು.

ಬಾಡಿಗೆ ಹೊಡೆಯುತ್ತಿದ್ದ ಗಾಡಿಯವನು ಸಾಮಾನ್ಯವಾಗಿ ತನ್ನ ಜೋಡೆತ್ತಿಗೆ ತಾನೇ ಒಡೆಯ. ಸಾಲ ಮಾಡಿ ಎತ್ತು ಕೊಂಡಿರಬಹುದು, ಆದರೂ ಎತ್ತನ್ನು ಕಟ್ಟುವುದು ತನ್ನ ಕೊಟ್ಟಿಗೆಯಲ್ಲೇ. ಲಾರಿ ಬಂದಾಗ ಈ ಸಂಬಂಧ ಮುರಿಯಿತು. ಯಂತ್ರದ ಬೆಲೆ ಓಡಿಸುವವನ ಕೈಗೆ ಎಟುಕದಷ್ಟಾಯಿತು. ಗಾಡಿ ಒಬ್ಬನದು, ಕೈ ಇನ್ನೊಬ್ಬನದು ಎಂಬ ವ್ಯವಸ್ಥೆ ಬಂತು. ಅದರ ಜೊತೆಗೆ ಬಂದದ್ದು ಬಾಟಾ.

ಭತ್ತದಿಂದ ಬಾಟಾ

ಬಾಟಾ ಎಂಬ ಪದಕ್ಕೆ ಸೈನಿಕ ಹಿನ್ನೆಲೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರಿಗೆ ದಂಡಯಾತ್ರೆಯ ದಿನಗಳಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ಊಟದ ಭತ್ಯೆಗೆ 'ಬಟ್ಟಾ' ಎಂದು ಹೆಸರು. ಆ ಪದದ ಮೂಲ ಕನ್ನಡದ 'ಭತ್ತ' ಇರಬೇಕೆಂದು 1886ರಲ್ಲಿ ಪ್ರಕಟವಾದ ಹೆಸರಾಂತ ಆಂಗ್ಲೋ-ಇಂಡಿಯನ್ ನಿಘಂಟು 'ಹಾಬ್ಸನ್-ಜಾಬ್ಸನ್' ಊಹಿಸುತ್ತದೆ. 1766ರಲ್ಲಿ ರಾಬರ್ಟ್ ಕ್ಲೈವ್ ಬಂಗಾಳದಲ್ಲಿ ಅಧಿಕಾರಿಗಳ ಇಮ್ಮಡಿ ಬಟ್ಟಾ ನಿಲ್ಲಿಸಿದಾಗ ಬಿಳಿಯ ಅಧಿಕಾರಿಗಳೇ ಬಂಡೆದ್ದರು. ಭತ್ಯೆ ಎಂದು ಕೊಟ್ಟದ್ದು ಕಾಲಕ್ರಮದಲ್ಲಿ ಸಂಬಳದ ಮುಖ್ಯ ಭಾಗವೇ ಆಗಿಬಿಡುತ್ತದೆ ಎಂಬುದಕ್ಕೆ ಅದು ಹಳೆಯ ಉದಾಹರಣೆ.

ಲಾರಿಯಲ್ಲೂ ಆದದ್ದು ಇದೇ. ತಿಂಗಳ ಸಂಬಳ ಸಣ್ಣದು; ದಿನಕ್ಕಿಷ್ಟು, ಟ್ರಿಪ್ಪಿಗಿಷ್ಟು, ಕಿಲೋಮೀಟರಿಗಿಷ್ಟು ಎಂಬ ಬಾಟಾ ದೊಡ್ಡದು. ಕೆಲವೆಡೆ ಬಾಡಿಗೆಯಲ್ಲಿ ಶೇಕಡಾ ಇಷ್ಟು ಎಂಬ ಪಾಲು. ಇನ್ನು ಕೆಲವೆಡೆ ಡೀಸೆಲ್, ಟೋಲ್, ಕ್ಲೀನರ್ ಖರ್ಚು, ದಾರಿಯ ಮಾಮೂಲು ಎಲ್ಲವನ್ನೂ ಸೇರಿಸಿ ಒಂದು ಮೊತ್ತ ಕೈಗಿಡುತ್ತಾರೆ. ಉಳಿದರೆ ಚಾಲಕನಿಗೆ, ಕಡಿಮೆ ಬಿದ್ದರೂ ಚಾಲಕನಿಗೆ. ಮೈಲೇಜ್ ಕಡಿಮೆ ಬಂದರೆ, ಲೋಡಿನಲ್ಲಿ ತೂಕ ಕಮ್ಮಿಯಾದರೆ, ಮೂಟೆ ನೆನೆದರೆ ಕಡಿತ. ಮಂಡಿಯಲ್ಲಿ ಇಳಿಸುವವರಿಲ್ಲದೆ ಎರಡು ದಿನ ನಿಂತರೆ ಚಕ್ರ ಉರುಳುವುದಿಲ್ಲ, ಕಿಲೋಮೀಟರಿನ ದುಡ್ಡೂ ಹುಟ್ಟುವುದಿಲ್ಲ. ಶುಂಠಿಯಂಥ ಕೆಡುವ ಸರಕಾದರೆ ಇನ್ನೊಂದು ಕಷ್ಟ: ಹೊತ್ತಿಗೆ ಮುಟ್ಟದಿದ್ದರೆ ಮಾತು ಕೇಳಬೇಕು, ಹೊತ್ತಿಗೆ ಮುಟ್ಟಿಸಲು ನಿದ್ದೆ ಬಿಡಬೇಕು.

ಹೀಗೆ ರಸ್ತೆಯ ಅನಿಶ್ಚಯವೆಲ್ಲ ಓಡಿಸುವವನ ಜೇಬಿಗೆ ವರ್ಗವಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅಪಘಾತವಾದರೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಪರಿಹಾರವನ್ನು ಲೆಕ್ಕ ಹಾಕಿದ್ದು ತಿಂಗಳ ವೇತನದ ಮೇಲೆ. ವೇತನದ ಚೀಟಿಯೇ ಇಲ್ಲದವನು, ಇದ್ದರೂ ಅದರಲ್ಲಿ ಬಾಟಾ ಸೇರದವನು ತಾನು ಎಷ್ಟು ದುಡಿಯುತ್ತಿದ್ದೆ ಎಂಬುದನ್ನು ಸಾಬೀತು ಮಾಡುವುದು ಹೇಗೆ? ಸತ್ತವನ ಹೆಂಡತಿ ಸಾಬೀತು ಮಾಡುವುದಂತೂ ಇನ್ನೂ ಕಷ್ಟ.

ಐದರ ಗೆರೆ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸರ್ಕಾರ ಇದನ್ನು ಕಾಣದೆ ಇರಲಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಸಾರ್ವಜನಿಕ ಮೋಟಾರು ಸಾರಿಗೆ ಸೇರಿತ್ತು. 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ; ದೂರದ ದಾರಿಗಳಲ್ಲಿ ಹೆಚ್ಚೆಂದರೆ ದಿನಕ್ಕೆ 10 ಗಂಟೆ; ನಡುವೆ ವಿಶ್ರಾಂತಿ, ವಾರದ ರಜೆ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ. ಓದಿದರೆ ಸಂತೋಷವಾಗುವಂಥ ಕಾನೂನು.

ಆದರೆ ಅದರ ಮೊದಲ ಪುಟದಲ್ಲೇ ಒಂದು ಗೆರೆ ಇತ್ತು. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಮಾತ್ರ ಈ ಕಾಯ್ದೆ ಅನ್ವಯ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಐದಕ್ಕಿಂತ ಕಡಿಮೆ ಇರುವಲ್ಲಿಗೂ ವಿಸ್ತರಿಸಬಹುದೆಂಬ ಅವಕಾಶವೇನೋ ಇತ್ತು. ಭಾರತದ ಲಾರಿ ಉದ್ಯಮವಾದರೋ ಒಂದೆರಡು ಲಾರಿಗಳ ಮಾಲೀಕರ ಉದ್ಯಮ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್: ಲೆಕ್ಕ ಎರಡಕ್ಕೆ ಮುಗಿಯಿತು. ಎರಡು ಲಾರಿಯಾದರೆ ನಾಲ್ಕು. ಲೋಡು ಬುಕ್ ಮಾಡುವ ದೊಡ್ಡ ಟ್ರಾನ್ಸ್‌ಪೋರ್ಟ್ ಕಚೇರಿಯ ಹೆಸರು ಬಿಲ್ಟಿಯ ಮೇಲಿರುತ್ತದೆ; ಲಾರಿ ಮಾತ್ರ ಅದಕ್ಕೆ 'ಅಟ್ಯಾಚ್' ಆದದ್ದು, ಬೇರೆಯವರದು. ಕಚೇರಿಯವರು ನಮ್ಮ ಡ್ರೈವರ್ ಅಲ್ಲ ಎನ್ನುತ್ತಾರೆ. ಲಾರಿಯವನು ನನ್ನ ಹತ್ತಿರ ಇರುವುದೇ ಇಬ್ಬರು ಎನ್ನುತ್ತಾನೆ. ಇಬ್ಬರ ಮಾತೂ ನಿಜ.

1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಈ ಕಂದಕವನ್ನು ಸ್ವಲ್ಪ ಮುಚ್ಚಲು ನೋಡಿತು. ಸಾರಿಗೆ ವಾಹನ ನಡೆಸುವ ಯಾರಿಗೇ ಆಗಲಿ 1961ರ ಕಾಯ್ದೆಯ ಗಂಟೆಗಳೇ ಮಿತಿ ಎಂದಿತು. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ಹೊಟ್ಟೆ ಹೊರೆಯುವವನಿಗೆ ಗಂಟೆಯ ಮಿತಿ ಹೇಳಿದರೆ ಏನು ಪ್ರಯೋಜನ? ಹೆಚ್ಚು ಓಡಿಸಿದರೇ ಹೆಚ್ಚು ಬಾಟಾ. ಕೂಲಿಯ ಕ್ರಮವನ್ನು ಮುಟ್ಟದೆ ನಿದ್ದೆಯ ಕ್ರಮವನ್ನು ತಿದ್ದಲು ಬರುವುದಿಲ್ಲ.

ಕಂತಿನ ಆಸೆ

ಈ ಬವಣೆಯಿಂದ ಪಾರಾಗಲು ಚಾಲಕನಿಗೆ ಕಾಣುವ ದಾರಿ ಒಂದೇ: ತಾನೇ ಓನರ್ ಆಗುವುದು. ಆ ಆಸೆಗೆ ಹಣ ಒದಗಿಸುವ ವ್ಯವಸ್ಥೆಯೂ ಬೆಳೆಯಿತು. ಮದರಾಸಿನಲ್ಲಿ 1954ರಲ್ಲಿ ಸುಂದರಂ ಫೈನಾನ್ಸ್ ಆರಂಭವಾಯಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಣ್ಣ ಸಾರಿಗೆದಾರರು ಆದ್ಯತೆಯ ಸಾಲದ ಪಟ್ಟಿಗೆ ಸೇರಿದರು. 1979ರಲ್ಲಿ ಆರಂಭವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಹಳೆಯ ಲಾರಿಗಳಿಗೆ ಸಾಲ ಕೊಡುವುದನ್ನೇ ದೊಡ್ಡ ವ್ಯವಹಾರವಾಗಿ ಬೆಳೆಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲಾಗದ ಎಷ್ಟೋ ಚಾಲಕರು ಇಂಥ ಸಾಲದಿಂದಲೇ ಮಾಲೀಕರಾದರು ಎಂಬುದು ನಿಜ. 1975ರ ನ್ಯಾಷನಲ್ ಪರ್ಮಿಟ್ ಯೋಜನೆ ಅವರಿಗೆ ದೂರದ ದಾರಿಗಳನ್ನು ತೆರೆಯಿತು.

ಚಾಲಕರ ನಡುವೆ ಹೆಚ್ಚಾಗಿ ಓಡಾಡುವ ಕಥೆ, 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿ ದೇಶದ ದೊಡ್ಡ ಸಾರಿಗೆ ಸಂಸ್ಥೆ ಕಟ್ಟಿದ ಗದಗದ ವಿಜಯ ಸಂಕೇಶ್ವರರದು. ಸಾಧನೆ ದೊಡ್ಡದು. ಆದರೆ ಅವರು ಮುದ್ರಣ ವ್ಯವಹಾರದ ಕುಟುಂಬದಿಂದ ಬಂದವರು. ಬೆನ್ನಿಗೆ ಅಂಥ ಆಸರೆ ಇಲ್ಲದೆ, ಸ್ಟೀರಿಂಗ್ ಒಂದನ್ನೇ ನಂಬಿ ಕಂತಿಗೆ ಇಳಿದವನ ಲೆಕ್ಕ ಬೇರೆ.

ಆ ಲೆಕ್ಕವನ್ನು ಬಿಡಿಸಿ ನೋಡೋಣ. 10 ಲಕ್ಷ ರೂಪಾಯಿ ಸಾಲ, 4 ವರ್ಷ, 'ಫ್ಲಾಟ್' ಶೇ 10 ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1 ಲಕ್ಷದಂತೆ ಬಡ್ಡಿ 4 ಲಕ್ಷ. ಒಟ್ಟು 14 ಲಕ್ಷ. 48 ಕಂತುಗಳಲ್ಲಿ ತಿಂಗಳಿಗೆ ಸುಮಾರು 29,167 ರೂಪಾಯಿ. ಕಂತು ಕಟ್ಟಿದ ಹಾಗೆ ಅಸಲು ಇಳಿಯುತ್ತ ಹೋಗುತ್ತದೆ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 10 ಲಕ್ಷದ ಮೇಲೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ವರ್ಷಕ್ಕೆ ಶೇ 17.5ರ ಆಸುಪಾಸು. ಇದರ ಮೇಲೆ ವಿಮೆ, ತೆರಿಗೆ, ಟೈರು, ಎಫ್.ಸಿ. ಖರ್ಚು. ಕಂತಿಗೆ ತಿಂಗಳು ಗೊತ್ತು, ಸುಗ್ಗಿ ಗೊತ್ತಿಲ್ಲ. ಹೊಗೆಸೊಪ್ಪಿನ ಹರಾಜು ವರ್ಷದಲ್ಲಿ ಕೆಲವೇ ತಿಂಗಳು; ಕಂತು ಹನ್ನೆರಡು ತಿಂಗಳೂ.

ಹೊರಡದ ಕಾಯ್ದೆ

ಕಂತಿನವನ ರಕ್ಷಣೆಗೆ ಸಂಸತ್ತು 1972ರಲ್ಲಿ ಕಂತು ಖರೀದಿ ಕಾಯ್ದೆಯನ್ನು ಅಂಗೀಕರಿಸಿತು. ನಗದು ಬೆಲೆ ಎಷ್ಟು, ಕಂತಿನ ಬೆಲೆ ಎಷ್ಟು ಎಂದು ಕರಾರಿನಲ್ಲೇ ಬರೆಯಬೇಕು; ಬೆಲೆಯಲ್ಲಿ ಗೊತ್ತಾದ ಪಾಲು ಕಟ್ಟಿದ ಮೇಲೆ ನ್ಯಾಯಾಲಯದ ಆದೇಶವಿಲ್ಲದೆ ವಾಹನ ಎಳೆದೊಯ್ಯುವಂತಿಲ್ಲ ಎಂಬುವು ಅದರ ಮುಖ್ಯ ಅಂಶಗಳು. ಜಾರಿಯ ದಿನಾಂಕ ಪ್ರಕಟವಾಯಿತು, ಮತ್ತೆ ವಾಪಸಾಯಿತು. ಕಾಯ್ದೆ ಒಂದು ದಿನವೂ ಜಾರಿಗೆ ಬರಲಿಲ್ಲ. 33 ವರ್ಷ ಕಪಾಟಿನಲ್ಲಿದ್ದು 2005ರಲ್ಲಿ ರದ್ದಾಯಿತು.

ಆ ಜಾಗದಲ್ಲಿ ಉಳಿದದ್ದು ಕರಾರಿನ ಸಣ್ಣ ಅಕ್ಷರ. ಕಂತು ತಪ್ಪಿದಾಗ ಕರಾರಿನಂತೆ ವಾಹನ ವಾಪಸು ಪಡೆಯುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಆದರೆ ತೋಳ್ಬಲದವರನ್ನು ಬಿಟ್ಟು ವಾಹನ ಕಸಿಯಬಾರದು, ಕಾನೂನಿನ ದಾರಿಯಲ್ಲೇ ವಸೂಲಿ ನಡೆಯಬೇಕು ಎಂದು 2007ರಲ್ಲಿ ಎಚ್ಚರಿಸಿತು. ಈಗ ಹೆಚ್ಚಿನ ವ್ಯವಹಾರ ಕಂತು ಖರೀದಿಯ ಬದಲು ಅಡಮಾನ ಸಾಲದ ರೂಪದಲ್ಲಿದೆ. ಆರ್.ಸಿ. ಪುಸ್ತಕದಲ್ಲಿ ಮಾತ್ರ ಫೈನಾನ್ಸಿನ ಹೆಸರು ಎಂದಿನಂತೆ ಇರುತ್ತದೆ.

ಇದು ಕಾಗದದ ಮೇಲಿನ ಭಯವಲ್ಲ. ಬಳ್ಳಾರಿಯ ಅದಿರಿನ ಭರಾಟೆಯ ದಿನಗಳಲ್ಲಿ ಹೊಸಪೇಟೆ, ಸಂಡೂರಿನಿಂದ ಕರಾವಳಿಯವರೆಗೆ ಜನ ಸಾಲ ಮಾಡಿ ಲಾರಿ ಕೊಂಡರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲೂ. ಅಕ್ರಮ ಗಣಿಗಾರಿಕೆಯ ಪಾಪದಲ್ಲಿ ಚಾಲಕನ ಪಾಲು ಎಷ್ಟೇ ಇರಲಿ, ಶಿಕ್ಷೆ ಮೊದಲು ಮುಟ್ಟಿದ್ದು ಅವನಿಗೆ. ಸಾವಿರಾರು ಲಾರಿಗಳು ನಿಂತಲ್ಲೇ ನಿಂತವು, ಕಂತು ನಿಲ್ಲಲಿಲ್ಲ. 2020ರ ಲಾಕ್‌ಡೌನಿನಲ್ಲಿ ರಿಸರ್ವ್ ಬ್ಯಾಂಕ್ ಕಂತಿಗೆ ಬಿಡುವು ಕೊಡಿಸಿತಾದರೂ ಬಡ್ಡಿ ಓಡುತ್ತಲೇ ಇತ್ತು.

ಅಮೆರಿಕದಲ್ಲೂ ಇದೇ ಪ್ರಶ್ನೆ

ಶ್ರೀಮಂತ ದೇಶದ ಚಾಲಕರು ಇದರಿಂದ ಪಾರಾಗಿದ್ದಾರೆ ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲಿ ಸಾರಿಗೆ ಕಂಪನಿಗಳೇ ಚಾಲಕನಿಗೆ ಟ್ರಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ಲೋಡು ಕೊಡುವುದೂ ಕಂಪನಿ, ಗಳಿಕೆಯಲ್ಲಿ ಕಂತು ಮುರಿದುಕೊಳ್ಳುವುದೂ ಕಂಪನಿ. ಕೆಲಸ ಬಿಟ್ಟರೆ ಕಟ್ಟಿದ ಹಣವೂ ಹೋಯಿತು, ಟ್ರಕ್ಕೂ ಹೋಯಿತು. ಇಂಥ ಒಬ್ಬ ಚಾಲಕ ನ್ಯೂ ಪ್ರೈಮ್ ಎಂಬ ಕಂಪನಿಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಸ್ವತಂತ್ರ ಗುತ್ತಿಗೆದಾರ ಎಂದು ಹೆಸರಿಟ್ಟ ಚಾಲಕನ ಒಪ್ಪಂದವೂ ದುಡಿಮೆಯ ಒಪ್ಪಂದವೇ, ಅವನನ್ನು ಬಲವಂತವಾಗಿ ಖಾಸಗಿ ಪಂಚಾಯಿತಿಗೆ ತಳ್ಳುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿತು. 2021ರ ಕಾನೂನಿನಂತೆ ನೇಮಕವಾದ ಕಾರ್ಯಪಡೆ 2025ರ ಜನವರಿಯಲ್ಲಿ, ಇಂಥ ಗುತ್ತಿಗೆ ಖರೀದಿ ಯೋಜನೆಗಳನ್ನು ನಿಷೇಧಿಸಬೇಕೆಂದೇ ಶಿಫಾರಸು ಮಾಡಿತು.

ಗೆರೆ ಎತ್ತ ಸರಿಯಿತು?

ನಮ್ಮಲ್ಲಿ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1961ರ ಕಾಯ್ದೆ ಅದರಲ್ಲಿ ಒಂದರೊಳಗೆ ಕರಗಿತು. ಕರಗುವಾಗ ಐದರ ಗೆರೆ ಹತ್ತಕ್ಕೆ ಏರಿತು! ಹತ್ತು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗಷ್ಟೇ ಈಗ ಅದು ಅನ್ವಯ. ವೇತನ ಸಂಹಿತೆಯಲ್ಲಿ ಮಾತ್ರ ಒಂದು ಆಸರೆಯ ಅಂಶವಿದೆ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ಬಾಟಾವೇ ಬದುಕಾದವನಿಗೆ ಇದು ಸಣ್ಣ ಮಾತಲ್ಲ. ಆದರೆ ಅದಕ್ಕೆ ಬಾಟಾ ಮೊದಲು ಕಾಗದದ ಮೇಲೆ ಬರಬೇಕು. ಕರ್ನಾಟಕ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾಯ್ದೆ ಮಾಡಿದ್ದು, ವಾಹನಗಳ ಮೇಲಿನ ಸೆಸ್ಸಿನಿಂದ ನಿಧಿ ಕೂಡಿಸುವ ಕ್ರಮ ಅದರಲ್ಲಿದೆ. ಅಪಘಾತವಾದಾಗ, ಮಕ್ಕಳ ಓದಿನ ವೇಳೆಗೆ ಇದು ನೆರವಾಗಬಹುದು. ಕೂಲಿಯ ಕ್ರಮವನ್ನು ಇದೂ ಮುಟ್ಟುವುದಿಲ್ಲ.

ಟ್ರಿಪ್ಪು ಹೊರಡುವ ಮೊದಲು ಬಾಟಾ ಎಷ್ಟು, ನಿಂತ ದಿನಕ್ಕೆ ಎಷ್ಟು, ಕಡಿತ ಯಾವುದಕ್ಕೆ ಎಂದು ನಾಲ್ಕು ಸಾಲು ಬರೆದು ಸಹಿ ಹಾಕುವುದಕ್ಕೆ ದೊಡ್ಡ ಕಚೇರಿ ಬೇಕಾಗಿಲ್ಲ. ಸರಕಿಗೆ ಬಿಲ್ಟಿ ಬರೆಯುವ ಮೇಜಿನ ಮೇಲೇ ಅದನ್ನೂ ಬರೆಯಬಹುದು. ರಾವಂದೂರಿನ ಕಡೆಯಿಂದ ಹೊರಡುವ ಒಂದೊಂದು ಬೇಲಿಗೂ ತೂಕದ ಚೀಟಿ ಅಂಟಿರುತ್ತದೆ. ಅದನ್ನು ಹೊತ್ತು ರಾತ್ರಿಯೆಲ್ಲ ಕಣ್ಣು ಬಿಟ್ಟು ಕೂತವನ ಕೈಯಲ್ಲಿ ಅವನ ಕೂಲಿಯ ಚೀಟಿ ಇಲ್ಲ.