ಲೈಸೆನ್ಸಿಗೂ ಬೇಕು ಕಲಿಕೆಯ ಲೆಕ್ಕ

ಅಮೆರಿಕದಲ್ಲಿ ಎಂಜಿನಿಯರುಗಳ ಸಮ್ಮೇಳನ ಮುಗಿಸಿ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ರಮಾಣಪತ್ರವಿರುತ್ತದೆ. ಎಷ್ಟು ಗಂಟೆ ಉಪನ್ಯಾಸ ಕೇಳಿದರೆಂಬ ಲೆಕ್ಕ ಅದರಲ್ಲಿರುತ್ತದೆ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ನಿಗದಿತ ಕಲಿಕೆಯ ಗಂಟೆಗಳು ತುಂಬದೆ ಲೈಸೆನ್ಸ್ ನವೀಕರಣವಾಗುವುದಿಲ್ಲ.

ಲೈಸೆನ್ಸಿನ ಕಥೆ ಇನ್ನೂ ಹಳೆಯದು. ವಯೋಮಿಂಗ್ ರಾಜ್ಯದಲ್ಲಿ ನೀರಾವರಿ ನಕ್ಷೆಗಳಿಗೆ ವಕೀಲರು, ನೋಟರಿಗಳು ಕೂಡ ಎಂಜಿನಿಯರುಗಳೆಂದು ಸಹಿ ಹಾಕುತ್ತಿದ್ದರು. ಅದನ್ನು ತಡೆಯಲು 1907ರಲ್ಲಿ ಅಲ್ಲಿ ದೇಶದ ಮೊದಲ ಕಾನೂನು ಬಂತು. ಆದರೆ ಒಮ್ಮೆ ಲೈಸೆನ್ಸ್ ಪಡೆದವರ ಜ್ಞಾನಕ್ಕೆ ವಯಸ್ಸಾಗಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಸ್ಲೈಡ್ ರೂಲ್ ಹೋಗಿ ಕಂಪ್ಯೂಟರ್ ಬಂತು, ಕಟ್ಟಡ ನಿಯಮಗಳು ಬದಲಾದವು. ಹಳೆಯ ಪಾಠ ನಂಬಿ ಕಟ್ಟಿದ ಸೇತುವೆಯ ಮೇಲೆ ಓಡಾಡುವವರು ಜನಸಾಮಾನ್ಯರು. 1970ರ ದಶಕದ ಕೊನೆಗೆ ಅಯೋವಾ ರಾಜ್ಯ ಮುಂದುವರಿದ ಶಿಕ್ಷಣವನ್ನು ಕಡ್ಡಾಯ ಮಾಡಿತು. ಬಳಿಕ ಇತರ ರಾಜ್ಯಗಳೂ ಅದೇ ಹಾದಿ ಹಿಡಿದವು.

ಲೆಕ್ಕ ಸರಳ. ಕನಿಷ್ಠ 50 ನಿಮಿಷದ ಪಾಠಕ್ಕೆ ಒಂದು ಗಂಟೆ. ಅಂಥ 10 ಗಂಟೆ ಸೇರಿದರೆ ಒಂದು ‘ಸಿಇಯು’, ಅಂದರೆ ಮುಂದುವರಿದ ಶಿಕ್ಷಣದ ಒಂದು ಘಟಕ. ಎರಡು ವರ್ಷಕ್ಕೆ 30 ಗಂಟೆ ಕೇಳುವ ರಾಜ್ಯಗಳು ಹಲವು. ಕಾಫಿ, ಊಟದ ವೇಳೆ ಇದರಲ್ಲಿ ಸೇರದು. ಒಂದೇ ಊರಿನಲ್ಲಿ ಎರಡು-ಮೂರು ದಿನಗಳಲ್ಲಿ ಹಲವು ಗಂಟೆ ಸಿಗುವುದರಿಂದ ಸಮ್ಮೇಳನಗಳಿಗೂ ಜನ ಬರಲು ಇದೊಂದು ಕಾರಣವಾಯಿತು.

ತಕರಾರೂ ಇಲ್ಲದಿಲ್ಲ. ಹಾಜರಿ ಎಣಿಸಬಹುದು, ತಿಳಿವಳಿಕೆಯನ್ನು ಎಣಿಸುವುದು ಹೇಗೆ? ಸಭಾಂಗಣದ ಹಿಂದಿನ ಸಾಲಿನಲ್ಲಿ ತೂಕಡಿಸಿದವರಿಗೂ ಅಷ್ಟೇ ಗಂಟೆ ದಕ್ಕುತ್ತದೆ. ಆದರೂ ಪದವಿಯೊಂದಿಗೆ ಓದು ಮುಗಿಯಲಿಲ್ಲ ಎಂಬುದನ್ನು ಕಾನೂನೇ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.