ಮರಳಿ ಬಂದ ಅಧಿಕಾರ, ಊರಿಗೆ ಬಂದ ನೀರು

ನಾವು ವಿರೋಧಿಸಿದ ನಾಯಕರೇ ಮತ್ತೆ ಗೆದ್ದು ಬಂದರೆ ಏನು ಮಾಡಬೇಕು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಇದೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ಕುರಿತ ಸರ್ಕಾರಿ ಆದೇಶ ಬಂತು. 2023ರ ಮಾರ್ಚ್‌ನಲ್ಲಿ 2ಬಿ ಮೀಸಲಾತಿಯನ್ನು ತೆಗೆದುಹಾಕುವ ತೀರ್ಮಾನವಾಯಿತು. 2024ರ ಜೂನ್‌ನಲ್ಲಿ ಅದೇ ಪಕ್ಷದ ನಾಯಕರು ಮೂರನೇ ಸಲ ಪ್ರಧಾನಿಯಾದರು. 'ಇನ್ನು ನಮ್ಮ ಕೈಯಲ್ಲಿ ಏನಿದೆ?' ಎಂದು ಯುವಕರು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. ನಮ್ಮ ಹಿರಿಯರು ಬೇರೊಂದು ಪಕ್ಷದ ಕಾಲದಲ್ಲಿ ಇದನ್ನೇ ಎದುರಿಸಿದ್ದರು.

1975ರ ಜೂನ್ 25ರಂದು ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. ವಿರೋಧಿಗಳು ಜೈಲು ಸೇರಿದರು. ದೆಹಲಿಯ ತುರ್ಕ್‌ಮಾನ್ ಗೇಟ್‌ನಲ್ಲಿ 1976ರ ಏಪ್ರಿಲ್‌ನಲ್ಲಿ ಬಡ ಮುಸ್ಲಿಮರ ಮನೆಗಳನ್ನು ಕೆಡವಲಾಯಿತು, ಗುಂಡೂ ಹಾರಿತು. ಬೆಂಗಳೂರಿನ ಸೆರೆಮನೆಯಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಮಾರ್ಚ್‌ನಲ್ಲಿ ದೇಶ ಇಂದಿರಾ ಅವರನ್ನು ಸೋಲಿಸಿತು.

ಆದರೆ ಕರ್ನಾಟಕ ಸೋಲಿಸಲಿಲ್ಲ. ಇಲ್ಲಿನ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್‌ಗೇ ಹೋದವು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯೇ ಅವರನ್ನು ಸಂಸತ್ತಿಗೆ ಮರಳಿ ಕಳಿಸಿತು. 1980ರ ಜನವರಿಯಲ್ಲಿ ಅವರ ಪಕ್ಷ 353 ಸ್ಥಾನ ಗೆದ್ದಿತು, ಕರ್ನಾಟಕದಲ್ಲಿ 28ಕ್ಕೆ 27. ಜೈಲು ಕಂಡು ಬಂದವರಿಗೆ ಇದಕ್ಕಿಂತ ದೊಡ್ಡ ಸೋಲು ಇನ್ನೇನು?

ಜನ ಮೋಸಹೋದರು ಎಂದು ಬೈದು ಕುಳಿತವರೂ ಇದ್ದರು. ಆದರೆ ಜನರಿಗೆ ಅವರದೇ ಕಾರಣಗಳಿದ್ದವು. ದೇವರಾಜ ಅರಸರ ಭೂ ಸುಧಾರಣೆಯಿಂದ ಗೇಣಿದಾರನಿಗೆ ಹೊಲ ಸಿಕ್ಕಿತ್ತು. ಅರಸರ ಸರ್ಕಾರವೇ 1977ರಲ್ಲಿ ಮುಸ್ಲಿಮರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿತ್ತು. ಅತ್ತ ಜನತಾ ಪಕ್ಷದ ಸರ್ಕಾರ ಒಳಜಗಳದಿಂದ ಮೂರು ವರ್ಷವೂ ಬಾಳಲಿಲ್ಲ. ಎದುರಾಳಿಗೆ ಮತ ಹಾಕಿದ ನೆರೆಯವನನ್ನು ಶತ್ರುವೆಂದು ಕಂಡರೆ ಈ ಕಾರಣಗಳು ನಮಗೆ ಕಾಣುವುದೇ ಇಲ್ಲ.

ಬೇರೆಯವರು ಕೆಲಸಕ್ಕೆ ಇಳಿದರು. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಕರದ ಹೊರೆಯ ವಿರುದ್ಧ ಎದ್ದರು. ಗೋಲಿಬಾರ್‌ನಲ್ಲಿ ಪ್ರಾಣಗಳು ಹೋದವು, ಆದರೆ ರೈತ ಸಂಘ ಕಟ್ಟಲ್ಪಟ್ಟಿತು. ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಹೋಯಿತು. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ನಮ್ಮ ಹಡಗಲಿಯಿಂದ ಗೆದ್ದವರು ಸಮಾಜವಾದಿ ವಕೀಲ ಎಂ.ಪಿ. ಪ್ರಕಾಶ್. 1984ರ ಡಿಸೆಂಬರ್‌ನ ಲೋಕಸಭೆಯಲ್ಲಿ ಕಾಂಗ್ರೆಸ್ ಮತ್ತೆ 24 ಸ್ಥಾನ ಪಡೆಯಿತು. ಆದರೆ ಮೂರೇ ತಿಂಗಳಲ್ಲಿ ಅದೇ ಮತದಾರರು ವಿಧಾನಸಭೆಯಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು.

ಆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ, ಕೈಪಂಪು ಹಾಕಿಸಿ ಕುಡಿಯುವ ನೀರು ಕೊಟ್ಟ ಅವರನ್ನು ಜನ 'ನೀರ್ ಸಾಬ್' ಎಂದರು. ನಮ್ಮಂಥ ಬರದ ಸೀಮೆಗೆ ಈ ಹೆಸರಿನ ಬೆಲೆ ಗೊತ್ತು. ಕೊಡ ಹಿಡಿದು ಬಂದವರ ಜಾತಿ, ಧರ್ಮ, ಪಕ್ಷವನ್ನು ಆ ಪಂಪು ಕೇಳಲಿಲ್ಲ. ಅವರ ಮುತುವರ್ಜಿಯಿಂದ ಬಂದ 1983ರ ಪಂಚಾಯಿತಿ ಕಾಯ್ದೆ ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. ಅದರಂತೆ ಚುನಾವಣೆ ನಡೆದದ್ದು 1987ರಲ್ಲಿ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. ಐದು ವರ್ಷದ ಬಳಿಕ, 1993ರಲ್ಲಿ, ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ ದೇಶದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸಿಕ್ಕಿತು. ಆ ತಿದ್ದುಪಡಿಯನ್ನು ತಂದದ್ದು ಅವರು ಎದುರಿಸಿದ್ದ ಕಾಂಗ್ರೆಸ್ ಪಕ್ಷದ ಸರ್ಕಾರವೇ. ಒಳ್ಳೆಯ ಕೆಲಸವನ್ನು ಕೊನೆಗೆ ಎದುರಾಳಿಯೂ ಮುಂದುವರಿಸಬೇಕಾಗುತ್ತದೆ.

ಪ್ರವಾದಿ ಯಾಕೂಬ್ (ಅ) ಮಗನ ಅಗಲಿಕೆಯಲ್ಲಿ ಅತ್ತು ಕಣ್ಣು ಕಳೆದುಕೊಂಡವರು. ಆದರೂ ನಿರಾಶರಾಗಬೇಡಿ, ಹೋಗಿ ಹುಡುಕಿ ಎಂದು ಉಳಿದ ಮಕ್ಕಳನ್ನು ಮತ್ತೆ ಕಳಿಸಿದರು. ದುಃಖ ಪಡಬಾರದೆಂದು ನಮಗೂ ಯಾರೂ ಹೇಳುವುದಿಲ್ಲ. ಹುಡುಕಾಟ ನಿಲ್ಲಬಾರದು, ಅಷ್ಟೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮನೆಯ ಎಲ್ಲರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡೋಣ. ಗ್ರಾಮಸಭೆಗೆ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗೋಣ. ಓದು ಬಿಟ್ಟ ಹುಡುಗಿಯನ್ನು ಪರೀಕ್ಷೆಗೆ ಕೂರಿಸೋಣ. ನಮ್ಮ ಓಣಿಯ ನೀರಿಗಾಗಿ ಅರ್ಜಿ ಬರೆಯುವಾಗ ಪಕ್ಕದ ಓಣಿಯ ಹೆಸರನ್ನೂ ಸೇರಿಸೋಣ. ದೆಹಲಿಯಲ್ಲಿ ಯಾರೇ ಗೆದ್ದಿರಲಿ, ಈ ಕೆಲಸಗಳಿಗೆ ಮುಂದಿನ ಚುನಾವಣೆಯವರೆಗೆ ಕಾಯಬೇಕಾಗಿಲ್ಲ.