ಊರು ಸಾಕಿದ ವಿದ್ಯಾಲಯ, ವಿದ್ಯಾಲಯ ಸಾಕಿದ ಊರು

ಒಂದು ವಿಶ್ವವಿದ್ಯಾಲಯದ ಹೆಸರೆತ್ತಿದರೆ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಕಲಿತ ದೊಡ್ಡವರು ಯಾರು? ಅಲ್ಲಿ ಕಲಿತರೆ ಯಾವ ಕೆಲಸ ಸಿಗುತ್ತದೆ? ಅದರ ಗೋಡೆಯ ಹೊರಗೆ ಅಂಗಡಿ ಇಟ್ಟವನಿಗೆ, ಕಾಗದ ತಯಾರಿಸುವವನಿಗೆ, ರೊಟ್ಟಿ ಸುಡುವವನಿಗೆ ಆ ವಿದ್ಯಾಲಯದಿಂದ ಏನಾಯಿತು ಎಂದು ಕೇಳುವವರು ಕಡಿಮೆ. ಮೊರೊಕ್ಕೊ ದೇಶದ ಫೆಝ್ ನಗರದಲ್ಲಿರುವ ಅಲ್ ಕರವಿಯ್ಯೀನ್ ವಿದ್ಯಾಲಯದ ಚರಿತ್ರೆ ಓದುವಾಗ ಮಾತ್ರ ಈ ಮೂರನೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಲಿ ಮಸೀದಿ, ಮದ್ರಸ, ಪೇಟೆ ಮೂರೂ ಒಂದೇ ಹಗ್ಗದ ಮೂರು ಎಳೆಗಳಂತೆ ಹೊಸೆದುಕೊಂಡಿವೆ.

ವಲಸೆ ಬಂದವರ ಮಸೀದಿ

ಫೆಝ್ ನಗರ ಕಟ್ಟಿದವರು ಇದ್ರೀಸೀ ಮನೆತನದವರು. ಒಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಗೆ ಎರಡು ದೊಡ್ಡ ಗುಂಪುಗಳು ಬಂದು ನೆಲೆಸಿದವು. ಸ್ಪೈನ್‌ನ ಕುರ್ತುಬಾದಿಂದ ಹೊರಹಾಕಲ್ಪಟ್ಟವರು ನದಿಯ ಪೂರ್ವ ದಂಡೆಯಲ್ಲಿ, ಇಂದಿನ ಟುನೀಶಿಯಾದ ಕೈರವಾನ್ ಪಟ್ಟಣದಿಂದ ಬಂದವರು ಪಶ್ಚಿಮ ದಂಡೆಯಲ್ಲಿ ಮನೆ ಮಾಡಿಕೊಂಡರು. ಕರವಿಯ್ಯೀನ್ ಎಂದರೆ ಕೈರವಾನಿನವರು ಎಂದೇ ಅರ್ಥ. ನಿರಾಶ್ರಿತರ ಬೀದಿಯ ಹೆಸರೇ ಮುಂದೆ ಜಗತ್ತಿನ ಅತಿ ಹಳೆಯ ವಿದ್ಯಾಲಯಗಳಲ್ಲೊಂದರ ಹೆಸರಾಯಿತು.

ಹದಿನಾಲ್ಕನೆಯ ಶತಮಾನದ ಚರಿತ್ರೆಕಾರ ಇಬ್ನ್ ಅಬೀ ಝರ್ ಈ ಮಸೀದಿಯ ಕಥೆಯನ್ನು ದಾಖಲಿಸಿದ್ದಾರೆ. ಕೈರವಾನಿನಿಂದ ಬಂದ ವ್ಯಾಪಾರಿ ಮುಹಮ್ಮದ್ ಅಲ್ ಫಿಹ್ರಿಯವರಿಗೆ ಫಾತಿಮಾ ಮತ್ತು ಮರ್ಯಮ್ ಎಂಬ ಇಬ್ಬರು ಹೆಣ್ಣುಮಕ್ಕಳು. ಪಿತ್ರಾರ್ಜಿತವಾಗಿ ಬಂದ ಹಣವನ್ನು ಫಾತಿಮಾ ಅವರು ಮಸೀದಿ ಕಟ್ಟಲು ವಿನಿಯೋಗಿಸಿದರು. ಹಿಜರಿ 245ರ ರಮಝಾನಿನಲ್ಲಿ, ಅಂದರೆ ಕ್ರಿ.ಶ. 859ರಲ್ಲಿ, ಕೆಲಸ ಆರಂಭವಾಯಿತು. ಕಟ್ಟಡಕ್ಕೆ ಬೇಕಾದ ಕಲ್ಲು ಮಣ್ಣನ್ನು ಖರೀದಿಸಿದ ಆ ಜಾಗದಿಂದಲೇ ತೆಗೆಸಿದರಂತೆ. ಕೆಲಸ ಮುಗಿಯುವ ತನಕ ಅವರು ಉಪವಾಸ ಹಿಡಿದಿದ್ದರೆಂದೂ ಹೇಳಲಾಗುತ್ತದೆ. ನದಿಯ ಆಚೆ ದಂಡೆಯಲ್ಲಿ ಸಹೋದರಿ ಮರ್ಯಮ್ ಅಂದಲೂಸೀಯರ ಮಸೀದಿಯನ್ನು ಕಟ್ಟಿಸಿದರು. ಈ ವಿವರಗಳು ಘಟನೆ ನಡೆದು ಶತಮಾನಗಳ ನಂತರ ಬರೆಯಲ್ಪಟ್ಟವು. ಮಸೀದಿಯಲ್ಲಿ ಸಿಕ್ಕಿದ ಹಳೆಯ ಮರದ ಹಲಗೆಯೊಂದರ ಮೇಲೆ ಇದ್ರೀಸೀ ರಾಜಕುಮಾರ ದಾವೂದ್ ಅವರ ಹೆಸರಿದೆ. ಹಾಗಾಗಿ ನಿರ್ಮಾಣದ ಬಗ್ಗೆ ಇಂದಿನ ಚರಿತ್ರೆಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಫೆಝ್‌ನ ಜನರು ತಲೆಮಾರುಗಳಿಂದ ತಮ್ಮ ವಿದ್ಯಾಲಯವನ್ನು ಒಬ್ಬ ಮಹಿಳೆಯ ದಾನವೆಂದೇ ನೆನೆಯುತ್ತಾ ಬಂದಿದ್ದಾರೆ.

ಹತ್ತನೆಯ ಶತಮಾನದಲ್ಲಿ ಆ ದಂಡೆಯ ಜುಮುಅ ಖುತ್ಬಾ ಈ ಮಸೀದಿಗೆ ವರ್ಗವಾಯಿತು. 956ರಲ್ಲಿ ಕುರ್ತುಬಾದ ಖಲೀಫರ ನೆರವಿನಿಂದ ಮಿನಾರ ಎದ್ದಿತು. ಹನ್ನೆರಡನೆಯ ಶತಮಾನದಲ್ಲಿ ಮುರಾಬಿತ್ ದೊರೆ ಅಲೀ ಇಬ್ನ್ ಯೂಸುಫ್ ಅದನ್ನು ಇಂದಿನ ವಿಸ್ತಾರಕ್ಕೆ ಬೆಳೆಸಿದರು. ಕಂಬಗಳ ಬುಡದಲ್ಲಿ ಉಸ್ತಾದರು ಕುಳಿತರು, ಸುತ್ತ ವಿದ್ಯಾರ್ಥಿಗಳು ವೃತ್ತಾಕಾರವಾಗಿ ಕುಳಿತರು. ಕುರ್‌ಆನ್, ಹದೀಸ್, ಫಿಕ್ಹ್, ಅರಬಿ ವ್ಯಾಕರಣದ ಜೊತೆಗೆ ಗಣಿತ, ಖಗೋಳ ವಿದ್ಯೆಗಳ ಪಾಠವೂ ನಡೆಯಿತು. ಯಾರೂ ಒಂದು ದಿನ ರಿಬ್ಬನ್ ಕತ್ತರಿಸಿ ವಿಶ್ವವಿದ್ಯಾಲಯವೆಂದು ಘೋಷಿಸಲಿಲ್ಲ. ನಮಾಝಿನ ಜಾಗವೇ ಮೆಲ್ಲಮೆಲ್ಲನೆ ವಿದ್ಯೆಯ ಜಾಗವಾಯಿತು.

ಅಂಗಡಿಯ ಬಾಡಿಗೆ, ವಿದ್ಯಾರ್ಥಿಯ ರೊಟ್ಟಿ

ಇಷ್ಟು ದೊಡ್ಡ ಸಂಸ್ಥೆಯ ಖರ್ಚು ನಡೆದದ್ದು ಮುಖ್ಯವಾಗಿ ವಕ್ಫ್‌ನಿಂದ. ಮೊರೊಕ್ಕೊದಲ್ಲಿ ಅದನ್ನು ಹಬೂಸ್ ಎನ್ನುತ್ತಾರೆ. ಒಬ್ಬರು ಒಂದು ಅಂಗಡಿಯನ್ನು, ಇನ್ನೊಬ್ಬರು ಹಿಟ್ಟಿನ ಗಿರಣಿಯನ್ನು, ಮತ್ತೊಬ್ಬರು ಹಮ್ಮಾಮನ್ನೋ ಆಲಿವ್ ತೋಟವನ್ನೋ ಅಲ್ಲಾಹನ ಮಾರ್ಗದಲ್ಲಿ ಬಿಟ್ಟುಕೊಟ್ಟರು. ಅವುಗಳ ಬಾಡಿಗೆ ಮತ್ತು ಉತ್ಪತ್ತಿಯಿಂದ ದೀಪದ ಎಣ್ಣೆ, ಚಾಪೆ, ನೀರು, ಇಮಾಮರ ಮತ್ತು ಉಸ್ತಾದರ ವೇತನ ಎಲ್ಲವೂ ನಡೆಯಿತು. ಮದ್ರಸದಲ್ಲಿ ವಾಸಿಸುವ ವಿದ್ಯಾರ್ಥಿಗೆ ದಿನಕ್ಕೊಂದು ರೊಟ್ಟಿ ಸಿಗುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. ವಕ್ಫ್ ಆದ ಅಂಗಡಿ ಬೀಗ ಹಾಕಿ ಇಟ್ಟ ಅಂಗಡಿಯಲ್ಲ. ಅದರಲ್ಲಿ ಒಬ್ಬ ಕಸುಬುದಾರ ಕುಳಿತು ದುಡಿಯುತ್ತಿದ್ದ. ಅವನ ವ್ಯಾಪಾರ ನಡೆದರೆ ಬಾಡಿಗೆ ಬರುತ್ತಿತ್ತು, ಬಾಡಿಗೆ ಬಂದರೆ ಪಾಠ ನಡೆಯುತ್ತಿತ್ತು, ಪಾಠ ನಡೆದರೆ ದೂರದೂರಿನಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಬಂದರೆ ಮತ್ತೆ ಅದೇ ಪೇಟೆಯಲ್ಲಿ ಕಾಗದ, ಶಾಯಿ, ಚಪ್ಪಲಿ, ಮೇಣದ ಬತ್ತಿ ಖರ್ಚಾಗುತ್ತಿತ್ತು. ಒಮ್ಮೆ ಕೊಟ್ಟ ದಾನ ಹೀಗೆ ಊರೊಳಗೆ ಸುತ್ತುತ್ತಲೇ ಇತ್ತು. ಸದಕಾ ಜಾರಿಯಾ, ಅಂದರೆ ಹರಿಯುತ್ತಲೇ ಇರುವ ದಾನ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಫೆಝ್‌ನಲ್ಲೇ ಕಲಿತು ಬೆಳೆದ ಅಲ್ ಹಸನ್ ಅಲ್ ವಝ್ಝಾನ್ ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಸೆರೆಯಾಳಾಗಿ, ಅಲ್ಲಿ ಆಫ್ರಿಕಾದ ವರ್ಣನೆಯನ್ನು ಬರೆದರು. ಯುರೋಪಿನಲ್ಲಿ ಅವರನ್ನು ಲಿಯೋ ಆಫ್ರಿಕಾನಸ್ ಎಂದು ಕರೆಯುತ್ತಾರೆ. ಕರವಿಯ್ಯೀನ್‌ನ ಆದಾಯ ಅದರ ಗೋಡೆಯೊಳಗೇ ಮುಗಿಯುತ್ತಿರಲಿಲ್ಲ ಎಂಬುದು ಅವರ ವರ್ಣನೆಯಿಂದ ತಿಳಿಯುತ್ತದೆ. ಸ್ವಂತ ವರಮಾನವಿಲ್ಲದ ಸಣ್ಣ ಮಸೀದಿಗಳಿಗೂ ಅದರಿಂದ ನೆರವು ಹೋಗುತ್ತಿತ್ತು.

ಕಸುಬಿನ ಹೆಸರು ಹೊತ್ತ ಮದ್ರಸಗಳು

ಕರವಿಯ್ಯೀನ್‌ನ ಸುತ್ತ ಒಂದು ಸುತ್ತು ಹಾಕಿದರೆ ಪೇಟೆಯ ನಕ್ಷೆಯೇ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಅತ್ತರು ಮತ್ತು ಸಾಂಬಾರ ಪದಾರ್ಥಗಳ ಬೀದಿ, ಇನ್ನೊಂದು ಕಡೆ ತಾಮ್ರದ ಪಾತ್ರೆ ಬಡಿಯುವವರ ಚೌಕ. ವಝ್ಝಾನ್ ಅವರ ಕಾಲದಲ್ಲಿ ಮಸೀದಿಯ ಬಳಿಯಲ್ಲೇ ದಸ್ತಾವೇಜು ಬರೆಯುವವರ ಅಂಗಡಿಗಳಿದ್ದವು, ಸುಮಾರು 30 ಪುಸ್ತಕದ ಅಂಗಡಿಗಳಿದ್ದವು. ಓದುವವರಿದ್ದಲ್ಲಿ ನಕಲು ಮಾಡುವವರು ಬೇಕು, ರಟ್ಟು ಕಟ್ಟುವವರು ಬೇಕು, ಕಾಗದ ಬೇಕು. ಮುವಹ್ಹಿದ್ ದೊರೆಗಳ ಕಾಲದಲ್ಲಿ ಫೆಝ್‌ನಲ್ಲಿ ಕಾಗದ ತಯಾರಿಸುವ 400 ಕಾರ್ಖಾನೆಗಳಿದ್ದವೆಂದು ಆ ನಗರದ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಚರ್ಮ ಹದ ಮಾಡುವ ಶುವಾರಾ ಹೊಂಡಗಳು ಇಂದಿಗೂ ಅಲ್ಲಿ ಕೆಲಸದಲ್ಲಿವೆ. ಪುಸ್ತಕಕ್ಕೆ ಹೊದಿಸುವ ಉತ್ತಮ ಆಡಿನ ಚರ್ಮಕ್ಕೆ ಯುರೋಪಿನಲ್ಲಿ ಮೊರೊಕ್ಕೊ ಎಂಬ ಹೆಸರೇ ನಿಂತುಬಿಟ್ಟಿತು.

ಈ ಕಸುಬುಗಳೆಲ್ಲ ವಿದ್ಯಾಲಯ ಒಂದರಿಂದಲೇ ಹುಟ್ಟಿದವು ಎನ್ನಲಾಗದು. ಫೆಝ್ ನೀರು ಚೆನ್ನಾಗಿರುವ ಊರು, ವ್ಯಾಪಾರದ ದಾರಿಗಳು ಕೂಡುವ ಊರು. ಆದರೆ ಕಾಗದಕ್ಕೂ ರಟ್ಟಿಗೂ ವರ್ಷವಿಡೀ ಗಿರಾಕಿ ಒದಗಿಸಿದ್ದು ಈ ವಿದ್ಯಾಲಯ.

ಮರೀನೀ ಸುಲ್ತಾನರು ಫೆಝನ್ನು ರಾಜಧಾನಿ ಮಾಡಿಕೊಂಡಾಗ ವಿದ್ಯಾರ್ಥಿಗಳ ವಾಸಕ್ಕಾಗಿ ಮದ್ರಸಗಳನ್ನು ಕಟ್ಟಿಸಿದರು. 1271ರಲ್ಲಿ ಮೊದಲನೆಯದು, 1325ರಲ್ಲಿ ಇನ್ನೊಂದು, 1350ರ ದಶಕದಲ್ಲಿ ಸುಲ್ತಾನ್ ಅಬೂ ಇನಾನ್ ಕಟ್ಟಿಸಿದ ಬೂ ಇನಾನಿಯ್ಯಾ. ಮೊದಲನೆಯದಕ್ಕೆ ಜನ ಇಟ್ಟ ಹೆಸರು ಸಫ್ಫಾರೀನ್ ಮದ್ರಸ, ಅಂದರೆ ತಾಮ್ರದ ಕೆಲಸದವರ ಮದ್ರಸ. ಇನ್ನೊಂದು ಅತ್ತಾರೀನ್, ಅತ್ತರು ಮಾರುವವರದು. ಮೂರೂವರೆ ಶತಮಾನದ ಬಳಿಕ ಮೌಲಾಯ್ ರಶೀದ್ ಕಟ್ಟಿಸಿದ್ದು ಶರ್ರಾತೀನ್, ಹಗ್ಗ ಹೊಸೆಯುವವರದು. ಹಣ ಕೊಟ್ಟವರು ಸುಲ್ತಾನರು, ಆದರೆ ಬಾಯಲ್ಲಿ ಉಳಿದದ್ದು ಪಕ್ಕದ ಬೀದಿಯ ಕಸುಬಿನ ಹೆಸರು. ಸುತ್ತಿಗೆಯ ಸದ್ದು ಕೇಳುತ್ತಾ ಫಿಕ್ಹ್ ಕಲಿತವರಿಗೆ ದುಡಿಯುವವರ ಲೋಕ ಅಪರಿಚಿತವಾಗಲು ಸಾಧ್ಯವಿರಲಿಲ್ಲ.

ವಿದ್ಯಾರ್ಥಿಗಳಿಗೂ ಊರಿನವರಿಗೂ ಇದ್ದ ನಂಟಿಗೆ ಒಂದು ಹಬ್ಬವೂ ಸಾಕ್ಷಿ. ಮೌಲಾಯ್ ರಶೀದ್ ಅವರ ಕಾಲದಿಂದ ನಡೆದು ಬಂತೆನ್ನಲಾದ ಈ ಪದ್ಧತಿಯಲ್ಲಿ ಪ್ರತಿ ವಸಂತದಲ್ಲಿ ವಿದ್ಯಾರ್ಥಿಗಳು ತಮ್ಮಲ್ಲೇ ಒಬ್ಬನನ್ನು ಸುಲ್ತಾನನನ್ನಾಗಿ ಮಾಡುತ್ತಿದ್ದರು. ಊರ ಹೊರಗೆ ನದಿಯ ಬದಿಯಲ್ಲಿ ಡೇರೆ ಹಾಕಿ ಕೆಲವು ದಿನ ಉಳಿಯುತ್ತಿದ್ದರು. ಪೇಟೆಯವರು ಕಾಣಿಕೆ ಕೊಡುತ್ತಿದ್ದರು, ನಿಜವಾದ ಸುಲ್ತಾನರೇ ಬಂದು ಈ 'ಸುಲ್ತಾನ'ನ ಒಂದು ಬೇಡಿಕೆಯನ್ನು ಈಡೇರಿಸುತ್ತಿದ್ದರು. ಹಳ್ಳಿಯಿಂದ ಬಂದ ಬಡ ಹುಡುಗನೊಬ್ಬ ದೊರೆಯ ಮುಂದೆ ತಲೆಯೆತ್ತಿ ಮಾತಾಡುವ ದಿನ ಅದು.

ನಮ್ಮ ಕರಾವಳಿಯ ತನಕ

ಇಂಥ ಊರಿನಲ್ಲಿ ಗ್ರಂಥಗಳು ಹುಟ್ಟಿದರೆ ಆಶ್ಚರ್ಯವಿಲ್ಲ. ಸಮಾಜಶಾಸ್ತ್ರದ ಆದ್ಯರೆಂದು ಗೌರವಿಸಲಾಗುವ ಇಬ್ನ್ ಖಲ್ದೂನ್ ಕೆಲವು ಕಾಲ ಫೆಝ್‌ನಲ್ಲಿದ್ದರು. ತಮ್ಮ ಮಹಾಚರಿತ್ರೆಯ ಪ್ರತಿಯೊಂದನ್ನು ಅವರು ಕರವಿಯ್ಯೀನ್‌ನ ಗ್ರಂಥಾಲಯಕ್ಕೆ ವಕ್ಫ್ ಮಾಡಿದರು. ಅದು ಇಂದಿಗೂ ಅಲ್ಲಿದೆ.

ಇನ್ನೊಂದು ಗ್ರಂಥ ಕನ್ನಡದ ನೆಲಕ್ಕೆ ನೇರ ಸಂಬಂಧಿಸಿದ್ದು. ಲೋಕ ಸುತ್ತಿ ಮರಳಿದ ಇಬ್ನ್ ಬತೂತಾ ಅವರ ಅನುಭವಗಳನ್ನು ಬರೆದಿಡಬೇಕೆಂದು ಸುಲ್ತಾನ್ ಅಬೂ ಇನಾನ್ ಆದೇಶಿಸಿದರು. ಇಬ್ನ್ ಬತೂತಾ ಹೇಳಿದ್ದನ್ನು ವಿದ್ವಾಂಸ ಇಬ್ನ್ ಜುಝಯ್ಯ್ ಬರೆದುಕೊಂಡರು. 1355ರಲ್ಲಿ ಫೆಝ್‌ನಲ್ಲಿ ಕೆಲಸ ಮುಗಿಯಿತು. ಹೊನ್ನಾವರ, ಬಾರಕೂರು, ಮಂಗಳೂರುಗಳ ವರ್ಣನೆ ಅದರಲ್ಲಿದೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಅಲ್ಲಿಯ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ಅವರು ಹೇಳಿದ್ದಾರೆ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂಬ ಮಾತನ್ನೂ ಸೇರಿಸಿದ್ದಾರೆ. ಸುಮಾರು ಆರೂಮುಕ್ಕಾಲು ಶತಮಾನದ ಹಿಂದೆ ನಮ್ಮ ಕರಾವಳಿಯ ಹೆಣ್ಣುಮಕ್ಕಳು ಪಾಠಶಾಲೆಗೆ ಹೋಗುತ್ತಿದ್ದರು ಎಂಬ ಸಂಗತಿ ನಮಗೆ ತಿಳಿದದ್ದು ದೂರದ ಆ ನಗರದಲ್ಲಿ ಬರೆಯುವವರೂ ಬರೆಸುವವರೂ ಇದ್ದ ಕಾರಣದಿಂದ.

ಅಮಾನತು ಮುರಿದಾಗ

ಈ ಚರಿತ್ರೆಯಲ್ಲಿ ನೋವಿನ ಪುಟವೂ ಇದೆ. ಹಿಂದೆಲ್ಲ ವಿದ್ಯಾರ್ಥಿಗಳಿಗೆ ಏಳು ವರ್ಷ ಊಟ, ಬಟ್ಟೆ, ವಸತಿ ಸಿಗುತ್ತಿತ್ತು, ತಮ್ಮ ಕಾಲಕ್ಕೆ ವಸತಿ ಮಾತ್ರ ಉಳಿದಿದೆ ಎಂದು ವಝ್ಝಾನ್ ಬರೆಯುತ್ತಾರೆ. ಮದ್ರಸಗಳಿಗೆ ವರಮಾನ ತರುತ್ತಿದ್ದ ಆಸ್ತಿ, ತೋಟಗಳು ಯುದ್ಧದಲ್ಲಿ ಹಾಳಾಗಿದ್ದವು. ನಗರದ ಆಸ್ಪತ್ರೆಗಳ ಕಥೆ ಇನ್ನೂ ಕಹಿ. ಯುದ್ಧದ ಖರ್ಚಿಗೆ ಹಣ ಸಾಲದೆ ಅರಸ ಆಸ್ಪತ್ರೆಗಳ ವಕ್ಫ್ ಆಸ್ತಿಯನ್ನು ಮಾರಲು ಹೊರಟ. ಜನ ಒಪ್ಪಲಿಲ್ಲ. ಅರಸನ ಕಡೆಯವರು ಮಾತಿನಿಂದ ಅವರನ್ನು ಒಪ್ಪಿಸಿದರು. ಆಸ್ತಿ ಮಾರಾಟವಾಯಿತು. ಅದನ್ನು ಮರಳಿ ಬಿಡಿಸಿಕೊಡುವ ಮೊದಲೇ ಅರಸ ತೀರಿಕೊಂಡ. ರೋಗಿಗಳ ಪಾಲಿಗೆ ಬಡತನವೇ ಉಳಿಯಿತು. ಯುವಕರಾಗಿದ್ದಾಗ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಗುಮಾಸ್ತರಾಗಿದ್ದ ವಝ್ಝಾನ್ ಅವರಿಗೆ ಇದು ಕಣ್ಣಿಗೆ ಕಟ್ಟಿದ ಸಂಗತಿ.

ವಕ್ಫ್ ಆಸ್ತಿ ಯಾರೊಬ್ಬರ ತಲೆಮಾರಿಗೂ ಸೇರಿದ್ದಲ್ಲ. ಕೊಟ್ಟವರು ತೀರಿಕೊಂಡಿದ್ದಾರೆ, ಪಡೆಯಬೇಕಾದವರು ಇನ್ನೂ ಹುಟ್ಟಿಲ್ಲ. ಮಧ್ಯದಲ್ಲಿ ನಿಂತ ನಮ್ಮ ಕೈಯಲ್ಲಿರುವುದು ಅಮಾನತು ಮಾತ್ರ. ಒಳ್ಳೆಯ ಕಾರಣ ಹೇಳಿ ಮಾರಿದರೂ ಒಂದು ಮಗುವಿನ ರೊಟ್ಟಿ ಕಡಿಮೆಯಾಗುತ್ತದೆ ಎಂಬುದನ್ನು ಫೆಝ್ ತೋರಿಸಿಕೊಟ್ಟಿದೆ.

ಆದರೂ ಕರವಿಯ್ಯೀನ್ ಮುಚ್ಚಲಿಲ್ಲ. 1912ರಲ್ಲಿ ಮೊರೊಕ್ಕೊ ಫ್ರೆಂಚರ ಕೈಗೆ ಹೋಯಿತು. 1930ರಲ್ಲಿ ಅರಬರನ್ನೂ ಬರ್ಬರರನ್ನೂ ಕಾನೂನಿನ ಹೆಸರಲ್ಲಿ ಬೇರ್ಪಡಿಸುವ ಆಜ್ಞೆ ಬಂದಾಗ ಮಸೀದಿಗಳಲ್ಲಿ ಒಟ್ಟಾಗಿ ಪ್ರಾರ್ಥಿಸಿ ಪ್ರತಿಭಟಿಸಿದ ಜನರ ದೊಡ್ಡ ಕೇಂದ್ರಗಳಲ್ಲಿ ಇದೂ ಒಂದು. ಸ್ವಾತಂತ್ರ್ಯ ಹೋರಾಟದ ನಾಯಕ ಅಲ್ಲಾಲ್ ಅಲ್ ಫಾಸಿ ಇಲ್ಲಿಯೇ ಕಲಿತವರು. 1940ರ ದಶಕದಲ್ಲಿ ಹೆಣ್ಣುಮಕ್ಕಳಿಗೂ ಇಲ್ಲಿಯ ಶಿಕ್ಷಣದ ಬಾಗಿಲು ತೆರೆಯಿತು. 1960ರ ದಶಕದಲ್ಲಿ ಅದು ಸರಕಾರದ ಅಧೀನದ ಆಧುನಿಕ ವಿಶ್ವವಿದ್ಯಾಲಯವಾಯಿತು. 1981ರಲ್ಲಿ ಫೆಝ್‌ನ ಹಳೆಯ ನಗರ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2016ರ ಹೊತ್ತಿಗೆ ಅದರ ಗ್ರಂಥಾಲಯವನ್ನು ದುರಸ್ತಿ ಮಾಡಿ ನಿಲ್ಲಿಸಿದವರು ಫೆಝ್‌ನಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಅಝೀಝಾ ಶಾವೂನಿ. ಒಬ್ಬ ಮಹಿಳೆಯ ಹೆಸರಿನಿಂದ ಆರಂಭವಾದ ಸಂಸ್ಥೆಯ ಪುಸ್ತಕಗಳ ಮೇಲಿನ ಮಾಡು ಇನ್ನೊಬ್ಬ ಮಹಿಳೆಯ ಕೈಯಿಂದ ಗಟ್ಟಿಯಾಯಿತು.

ನಮಗೇನು ಪಾಠ?

ನಮ್ಮ ಊರುಗಳಲ್ಲಿ ಮದ್ರಸ, ಶಾಲೆ, ಕಾಲೇಜುಗಳಿಗಾಗಿ ವಂತಿಗೆ ಎತ್ತುವಾಗ ಅದನ್ನು ಖರ್ಚಿನ ಲೆಕ್ಕಕ್ಕೆ ಬರೆಯುವುದು ನಮಗೆ ರೂಢಿ. ಮಸೀದಿಯ ಕಟ್ಟಡಕ್ಕೆ ಕೈ ಬಿಚ್ಚಿ ಕೊಡುವ ನಾವು ಅದರ ಪಕ್ಕದ ಗ್ರಂಥಾಲಯಕ್ಕೆ, ದೂರದಿಂದ ಬಂದ ವಿದ್ಯಾರ್ಥಿಯ ಊಟಕ್ಕೆ ಕೊಡುವಾಗ ಎರಡು ಸಲ ಯೋಚಿಸುತ್ತೇವೆ. ವಕ್ಫ್ ಕಟ್ಟಡದ ಅಂಗಡಿಗೆ ಹತ್ತಾರು ವರ್ಷದ ಹಿಂದಿನ ಬಾಡಿಗೆಯನ್ನೇ ಕೊಟ್ಟು ಲಾಭವಾಯಿತೆಂದು ಸಂತೋಷಪಡುವವರೂ ನಮ್ಮಲ್ಲಿದ್ದಾರೆ. ಆ ಲಾಭ ಯಾರ ತಟ್ಟೆಯಿಂದ ಬಂತೆಂದು ನಾವು ಕೇಳಿಕೊಳ್ಳಬೇಕು.

ಫೆಝ್‌ನವರು ಲೆಕ್ಕವನ್ನು ಬೇರೆ ರೀತಿಯಲ್ಲಿ ಬರೆದರು. ವಿದ್ಯೆಗೆ ಕೊಟ್ಟದ್ದು ಊರಿಗೇ ಮರಳಿತು. ಕಾಗದದವನ ದುಡಿಮೆಯಾಗಿ, ಪಾತ್ರೆಯವನ ವ್ಯಾಪಾರವಾಗಿ, ಹಳ್ಳಿಗೆ ಹೋದ ಕಾಝಿಯ ನ್ಯಾಯವಾಗಿ ಅದು ಬಂತು. ವಲಸೆ ಬಂದ ಒಂದು ಕುಟುಂಬದ ಪಿತ್ರಾರ್ಜಿತ ಇಷ್ಟು ಶತಮಾನ ಫಲ ಕೊಟ್ಟಿದೆ. ನಮ್ಮ ಕೈಯಲ್ಲಿರುವ ಅಂಗಡಿ, ತೋಟ, ಕಟ್ಟಡಗಳ ಲೆಕ್ಕವೂ ಒಂದು ದಿನ ಕೇಳಲ್ಪಡಲಿದೆ. ಆ ಲೆಕ್ಕವನ್ನು ನೇರವಾಗಿ ಒಪ್ಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.